ಬುದ್ಧಿಮಾತಿನ ಜೊತೆಗೊಂದು ರೆಫರಲ್

ಅಟ್ಲಾಂಟಾದಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರು ಕೆಲಸ ಹುಡುಕುವ ಮಕ್ಕಳಿಗೆ ಹೇಳುವುದು ಬಹುಮಟ್ಟಿಗೆ ಒಂದೇ ಮಾತು: ಚೆನ್ನಾಗಿ ಓದು, ತಲೆ ತಗ್ಗಿಸಿಕೊಂಡು ದುಡಿ, ಮಿಕ್ಕಿದ್ದೆಲ್ಲ ತಾನಾಗಿಯೇ ಬರುತ್ತದೆ. ಇದೇ ಊರಿನ ಕಪ್ಪು ಸಮುದಾಯದ ಮನೆಗಳಲ್ಲಿಯೂ, ಉಳಿದವರಿಗಿಂತ ಎರಡು ಪಟ್ಟು ಚೆನ್ನಾಗಿ ಕೆಲಸ ಮಾಡಬೇಕೆಂದು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಆದರೆ ದುಡಿಮೆಯೊಂದರಿಂದಲೇ ಬಾಗಿಲು ತೆರೆಯುವುದಿಲ್ಲವೆಂದು ಅನುಭವದಿಂದ ಬಲ್ಲ ಅವರು ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಬಾಸ್ಟನ್ ಮತ್ತು ಷಿಕಾಗೊ ನಗರಗಳ ಜಾಹೀರಾತುಗಳಿಗೆ ಒಂದೇ ಮಟ್ಟದ ಅರ್ಹತೆಯ ರೆಸ್ಯೂಮ್‌ಗಳನ್ನು ಹೆಸರು ಬದಲಿಸಿ ಕಳಿಸಿದ ಅರ್ಥಶಾಸ್ತ್ರಜ್ಞರಾದ ಬರ್ಟ್ರಾಂಡ್ ಹಾಗೂ ಮುಲ್ಲೈನಾಥನ್ ಅವರ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಬಿಳಿಯರದೆನ್ನಿಸುವ ಹೆಸರಿನವರಿಗೆ ಸುಮಾರು 10 ಅರ್ಜಿಗಳಿಗೊಂದು ಕರೆ ಬಂದರೆ, ಕಪ್ಪು ಸಮುದಾಯದ್ದೆನ್ನಿಸುವ ಹೆಸರಿನವರಿಗೆ 15 ಅರ್ಜಿಗಳಿಗೊಂದು ಬಂದಿತ್ತು.

ಅಣಕು ಸಂದರ್ಶನ ನಡೆಸಿಕೊಡಲು ಇಲ್ಲಿನ ಕಾಲೇಜೊಂದಕ್ಕೆ ನಾನು ಹೋಗುವುದುಂಟು. ಒಮ್ಮೆ ಕಪ್ಪು ಸಮುದಾಯದ ಕಂಪ್ಯೂಟರ್ ಸೈನ್ಸ್ ಪದವೀಧರೆಯೊಬ್ಬಳು ತನ್ನ ಪ್ರಾಜೆಕ್ಟಿನ ಬಗ್ಗೆ "ನಾವು ಮಾಡಿದೆವು, ನಾವು ಪರೀಕ್ಷಿಸಿದೆವು" ಎಂದು ವಿವರಿಸುತ್ತಿದ್ದಾಗ, ನನ್ನ ಪಕ್ಕದಲ್ಲಿ ಕುಳಿತಿದ್ದ ಹಿರಿಯ ಮ್ಯಾನೇಜರ್, ಅವರೂ ಕಪ್ಪು ಸಮುದಾಯದವರೇ, ನಡುವೆಯೇ ತಡೆದು, "ಅದರಲ್ಲಿ ನೀನು ಬರೆದದ್ದು ಯಾವ ಭಾಗ?" ಎಂದು ಕೇಳಿದರು. ಆಮೇಲೆ ಸಂಬಳದ ಮಾತು ಬಂತು. ಕಾರ್ಮಿಕ ಅಂಕಿಅಂಶಗಳ ಇಲಾಖೆ ಒಂದೊಂದು ವೃತ್ತಿಗೂ ನಗರವಾರು ವೇತನವನ್ನು ಪ್ರಕಟಿಸುತ್ತದೆ, ಅದನ್ನು ನೋಡಿಕೊಳ್ಳದೆ ಯಾವ ಮೊತ್ತಕ್ಕೂ ಒಪ್ಪಬೇಡ ಎಂದರು; ಕೆಲಸಕ್ಕೆ ಸೇರಿದ ಮೇಲೆ ಮೇಲಧಿಕಾರಿ ಮೆಚ್ಚಿ ಆಡಿದ ಮಾತನ್ನು ಇಮೇಲ್‌ನಲ್ಲಿ ದಾಖಲಾಗುವಂತೆ ನೋಡಿಕೋ ಎಂದೂ ಸೇರಿಸಿದರು. ಕೊನೆಗೆ ಅವಳ ರೆಸ್ಯೂಮನ್ನು ಪಡೆದು, ತಮ್ಮ ಶಿಫಾರಸಿನೊಂದಿಗೆ, ಅಂದರೆ ರೆಫರಲ್ ಆಗಿ, ತಮ್ಮ ಕಂಪನಿಯ ನೇಮಕಾತಿ ವಿಭಾಗದವರಿಗೆ ಅಲ್ಲಿಂದಲೇ ಕಳಿಸಿದರು. ಸಲಹೆ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ತಮ್ಮ ಹೆಸರನ್ನು ಪಣಕ್ಕಿಟ್ಟು ಇನ್ನೊಬ್ಬರ ಪರವಾಗಿ ಮಾತಾಡುವವರು ಅಪರೂಪ.

ಈ ಬಗೆಯ ಆಸರೆಗೆ ಕಪ್ಪು ಸಮುದಾಯದಲ್ಲಿ ದೊಡ್ಡ ಏರ್ಪಾಡುಗಳೇ ಇವೆ. ಕಪ್ಪು ವಿದ್ಯಾರ್ಥಿಗಳಿಗೆಂದೇ ಹುಟ್ಟಿದ ಮೋರ್‌ಹೌಸ್, ಸ್ಪೆಲ್ಮನ್‌ನಂಥ ಕಾಲೇಜುಗಳು 19ನೆಯ ಶತಮಾನದವು. ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪ್ರಯತ್ನದಿಂದ 1975ರಲ್ಲಿ ರಾಷ್ಟ್ರಮಟ್ಟದ ಸಂಘವಾದ ಕಪ್ಪು ಎಂಜಿನಿಯರುಗಳ ಸಂಸ್ಥೆ, ಎನ್‌ಎಸ್‌ಬಿಇ, ಪ್ರತಿವರ್ಷದ ಸಮ್ಮೇಳನದಲ್ಲಿ ಉದ್ಯೋಗಮೇಳವನ್ನೂ ನಡೆಸುತ್ತದೆ. ಬೆಂಗಳೂರಿನ ಸಮುದಾಯದ ಹಾಸ್ಟೆಲುಗಳಲ್ಲಿ ಊಟ-ವಸತಿ ಪಡೆದು ಓದಿದವರ ಮಕ್ಕಳಾದ ನಮಗೆ ಇದು ಹೊಸದಾಗಿ ಕಾಣಬೇಕಿಲ್ಲ. ವ್ಯತ್ಯಾಸವಿರುವುದು ಇಂದಿನ ಸ್ಥಿತಿಯಲ್ಲಿ: ಇಲ್ಲಿನ ಐಟಿ ಕಂಪನಿಗಳ ಒಳಗೆ ನಮ್ಮವರು ಈಗಾಗಲೇ ಸಾಕಷ್ಟು ಮಂದಿ ಇರುವುದರಿಂದ, ಹುದ್ದೆ ಖಾಲಿಯಾದ ಸುದ್ದಿ ಜಾಹೀರಾತಿಗಿಂತ ಮೊದಲೇ ಕನ್ನಡ ಕೂಟದ ವಾಟ್ಸ್‌ಆ್ಯಪ್ ಗುಂಪಿಗೆ ತಲುಪಿರುತ್ತದೆ. ದುಡಿದರೆ ತಾನಾಗಿಯೇ ಬರುತ್ತದೆಂದು ಮಕ್ಕಳಿಗೆ ಹೇಳುವ ನಾವು, ಅದು ಬರುವ ದಾರಿಯನ್ನು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ.

ವಲಸೆಗೆ ದೇಶವಾರು ಕೋಟಾ ಹಾಕಿ ಭಾರತೀಯರನ್ನು ಬಹುಪಾಲು ಹೊರಗಿಟ್ಟಿದ್ದ ಅಮೆರಿಕ ಆ ಪದ್ಧತಿಯನ್ನು ಕೈಬಿಟ್ಟದ್ದು 1965ರಲ್ಲಿ. 1964ರ ನಾಗರಿಕ ಹಕ್ಕುಗಳ ಕಾಯ್ದೆಗಾಗಿ ಕಪ್ಪು ಜನರು ನಡೆಸಿದ ಹೋರಾಟ ಹದಗೊಳಿಸಿದ್ದ ವಾತಾವರಣವಿಲ್ಲದಿದ್ದರೆ ಅದು ಅಷ್ಟು ಸುಲಭವಾಗಿ ಸಾಧ್ಯವಾಗುತ್ತಿರಲಿಲ್ಲ. ಹಾಗಿರುವಾಗ, ಆ ಸಮುದಾಯದ ಹೊಸ ಪದವೀಧರರ ಹೆಸರನ್ನೂ ರೆಫರಲ್ ಪಟ್ಟಿಗೆ ಸೇರಿಸುವುದನ್ನು ಉಪಕಾರವೆಂದು ಕರೆಯಲು ನನಗೆ ಮನಸ್ಸಿಲ್ಲ. ಗೊತ್ತಿಲ್ಲದವರನ್ನು ಹೇಗೆ ಶಿಫಾರಸು ಮಾಡುವುದೆಂದು ಸ್ನೇಹಿತರು ಆಕ್ಷೇಪಿಸುತ್ತಾರೆ. ಭಾವಮೈದುನನ ಸಹಪಾಠಿಯ ತಮ್ಮನ ರೆಸ್ಯೂಮನ್ನು ಕಳೆದ ತಿಂಗಳಷ್ಟೇ ಮುಂದಕ್ಕೆ ಕಳಿಸಿದವರೂ ಇವರೇ. ಆ ಹುಡುಗನ ಮುಖವನ್ನು ಇವರು ಇನ್ನೂ ನೋಡಿಲ್ಲ.