ಅರ್ಲಿ ವೋಟಿಂಗ್ ಅಂಕಿ ಹಿಡಿದು ಗೆಲ್ಲೋರು ಯಾರು ಅಂತ ಹೇಳಬೇಡಿ

(2024ರ ಅಕ್ಟೋಬರ್ ಕೊನೆಯಲ್ಲಿ ಅಮೆರಿಕದ ಟೆಕ್ಸಾಸ್‌ನಿಂದ ಬರೆದದ್ದು.) ಇಲ್ಲಿ ಅಮೆರಿಕದಲ್ಲಿ ನಮ್ಮ ಕನ್ನಡದವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈಗ ಬೇರೆ ಮಾತೇ ಇಲ್ಲ. ಅಧ್ಯಕ್ಷರ ಚುನಾವಣೆ ಬರುವ ಮಂಗಳವಾರ, ನವೆಂಬರ್ 5ಕ್ಕೆ. ಅಷ್ಟರಲ್ಲೇ ಅರ್ಲಿ ವೋಟಿಂಗ್‌ನಲ್ಲಿ, ಅಂದರೆ ಆ ದಿನಕ್ಕೆ ಮೊದಲೇ ಕೇಂದ್ರಕ್ಕೆ ಹೋಗಿಯೋ ಅಂಚೆಯಲ್ಲೋ, ದೇಶದಲ್ಲಿ 5 ಕೋಟಿಗೂ ಜಾಸ್ತಿ ಜನ ವೋಟು ಹಾಕಿಬಿಟ್ಟಿದ್ದಾರೆ. ಜಾರ್ಜಿಯಾದಲ್ಲಿ ಮೊದಲ ದಿನವೇ 3 ಲಕ್ಷ ದಾಟಿತು. ನಾರ್ತ್ ಕ್ಯಾರೊಲೈನಾದಲ್ಲಿ ಮೊದಲ ದಿನ ಮೂರೂವರೆ ಲಕ್ಷ. ಎರಡೂ ಆಯಾ ರಾಜ್ಯದ ದಾಖಲೆ. ಸ್ಪರ್ಧೆ ಇರೋದು ಡೆಮಾಕ್ರಟಿಕ್ ಪಕ್ಷದ ಕಮಲಾ ಹ್ಯಾರಿಸ್ ಮತ್ತು ರಿಪಬ್ಲಿಕನ್ ಪಕ್ಷದ ಡೊನಾಲ್ಡ್ ಟ್ರಂಪ್ ನಡುವೆ. ಅಂಕಿ ಬಂದ ತಕ್ಷಣ ಒಬ್ಬರು "ಕಮಲಾ ಗೆದ್ದ ಹಾಗೇ" ಅಂತಾರೆ. ಇನ್ನೊಬ್ಬರು "ಟ್ರಂಪ್ ಬರೋದು ಗ್ಯಾರಂಟಿ" ಅಂತಾರೆ. ಊರಿಂದ ಫೋನ್ ಮಾಡಿದ ಅಣ್ಣನೂ ಕೇಳಿದ್ದು ಇದನ್ನೇ: "ಗಾಳಿ ಯಾರ ಕಡೆ ಇದೆ?"

ಈ ಅಂಕಿಯಿಂದ ಅದು ಗೊತ್ತಾಗಲ್ಲ. 2020ರಲ್ಲಿ ಕೊರೊನಾ ಇತ್ತು. ಡೆಮಾಕ್ರಟಿಕ್ ಪಕ್ಷದವರು ಮನೆಯಿಂದಲೇ ಅಂಚೆಯಲ್ಲಿ ವೋಟು ಕಳಿಸಿ ಅಂದರು. ಟ್ರಂಪ್ ಅಂಚೆ ಮತ ಅಂದರೆ ಮೋಸ ಅಂತ ತಿಂಗಳುಗಟ್ಟಲೆ ಹೇಳಿದರು. ಹಾಗಾಗಿ ಒಂದು ಕಡೆಯವರು ಮೊದಲೇ ಹಾಕಿದರು, ಇನ್ನೊಂದು ಕಡೆಯವರು ಕೊನೆಯ ದಿನಕ್ಕೆ ಕಾದರು. ಈ ಸಲ ರಿಪಬ್ಲಿಕನ್ ಪಕ್ಷವೇ ತನ್ನವರಿಗೆ ಬೇಗ ಹೋಗಿ ಹಾಕಿ ಅಂತಿದೆ. ಅಭ್ಯಾಸವೇ ಬದಲಾದ ಮೇಲೆ ಆ ವರ್ಷದ ಅಂಕಿ ಪಕ್ಕದಲ್ಲಿ ಈ ವರ್ಷದ್ದು ಇಟ್ಟು ಹೋಲಿಸಿದರೆ ಏನು ಸಿಗುತ್ತೆ? ಮಂಗಳವಾರ ಬರಬೇಕಾಗಿದ್ದವರು ಎರಡು ವಾರ ಮೊದಲೇ ಬಂದಿದ್ದಾರೆ, ಅಷ್ಟೇ ಇರಬಹುದು. ಅದೂ ಅಲ್ದೆ ನಮ್ಮ ಟೆಕ್ಸಾಸ್‌ನಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸುವಾಗ ಪಕ್ಷ ಯಾವುದು ಅಂತ ಕೇಳೋದೇ ಇಲ್ಲ. ಹಾಗಿದ್ದ ಮೇಲೆ ಬಂದವರು ಯಾವ ಪಕ್ಷದವರು ಅಂತ ಹೇಗೆ ಹೇಳೋದು?

ಟೆಕ್ಸಾಸ್‌ನ ಕಥೆಯನ್ನೇ ನೋಡಿ. 2016ರಲ್ಲಿ ಇಡೀ ರಾಜ್ಯದಲ್ಲಿ ಬಿದ್ದ ಒಟ್ಟು ವೋಟು ಸುಮಾರು 90 ಲಕ್ಷ. 2020ರಲ್ಲಿ ಚುನಾವಣೆಯ ದಿನ ಬರುವ ಮೊದಲೇ 97 ಲಕ್ಷ ಬಿದ್ದಿತ್ತು. ರಿಪಬ್ಲಿಕನ್ನರ ಟೆಕ್ಸಾಸ್ ಈ ಸಲ ಡೆಮಾಕ್ರಟಿಕ್ ಪಕ್ಷದ ಕಡೆ ಹೋಯ್ತು ಅಂತ ಎಷ್ಟು ಜನ ಬರೆದರು! ಗೆದ್ದವರು ಟ್ರಂಪ್, ಅದೂ ಐದೂವರೆ ಪರ್ಸೆಂಟ್ ಅಂತರದಲ್ಲಿ. ಜನ ಜಾಸ್ತಿ ಬಂದರೆ ಇಂಥ ಪಕ್ಷಕ್ಕೇ ಲಾಭ ಅನ್ನೋ ನಂಬಿಕೆಯನ್ನು ಎರಡೂ ಕಡೆಯವರು ಆವತ್ತೇ ಬಿಡಬೇಕಿತ್ತು.

ನನ್ನ ಪ್ರಕಾರ ಈ ಅಂಕಿ ಹೇಳೋದು ಬೇರೆ ವಿಷಯ. ವೋಟು ಹಾಕೋದನ್ನ ಸುಲಭ ಮಾಡಿದರೆ ಜನ ಬರ್ತಾರೆ. ಇಲ್ಲಿ ಚುನಾವಣೆ ಮಂಗಳವಾರವೇ ನಡೆಯಬೇಕು ಅನ್ನೋದು 1845ರ ಕಾನೂನು. ಆ ದಿನಕ್ಕೆ ದೇಶವ್ಯಾಪಿ ರಜೆ ಇಲ್ಲ. ಗಂಟೆ ಲೆಕ್ಕದಲ್ಲಿ ಸಂಬಳ ತಗೊಳ್ಳೋರು, ಎರಡೆರಡು ಕೆಲಸ ಮಾಡೋರು, ಚಿಕ್ಕ ಮಕ್ಕಳಿರೋರು ಮಂಗಳವಾರ ಉದ್ದದ ಸಾಲಲ್ಲಿ ಹೇಗೆ ನಿಲ್ಲಬೇಕು? 2016ರಲ್ಲಿ ಮೊದಲೇ ಬಿದ್ದ ವೋಟು ಸುಮಾರು 4.7 ಕೋಟಿ. 2020ರಲ್ಲಿ 10 ಕೋಟಿ ದಾಟಿತು. ಆ ವರ್ಷದ ಒಟ್ಟು ಮತದಾನ 1900ರಿಂದೀಚೆಗೆ ಎಲ್ಲಕ್ಕಿಂತ ಜಾಸ್ತಿ.

ನಾನಿರೋ ಹ್ಯಾರಿಸ್ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಥರ), ಅಂದರೆ ಹ್ಯೂಸ್ಟನ್ ಮತ್ತು ಸುತ್ತಮುತ್ತ, ಆ ವರ್ಷ ಮಾಡಿದ್ದು ನನಗೆ ಇವತ್ತಿಗೂ ಹೆಮ್ಮೆ. ಕಾರಿನಲ್ಲಿ ಕೂತೇ ವೋಟು ಹಾಕುವ ವ್ಯವಸ್ಥೆ ಮಾಡಿದರು. ರಾತ್ರಿ ಪಾಳಿಯವರಿಗೆ ಅಂತ ಒಂದು ದಿನ ಕೆಲವು ಕೇಂದ್ರಗಳನ್ನು ರಾತ್ರಿಯಿಡೀ ತೆರೆದಿಟ್ಟರು. ಹಾಗೆ ಕಾರಿನಿಂದಲೇ ಬಿದ್ದ ಸುಮಾರು 1 ಲಕ್ಷ 27 ಸಾವಿರ ವೋಟು ರದ್ದು ಮಾಡಿ ಅಂತ ಕೆಲವರು ಕೋರ್ಟಿಗೆ ಹೋದರು. ಚುನಾವಣೆಯ ಹಿಂದಿನ ದಿನ ಫೆಡರಲ್ ನ್ಯಾಯಾಧೀಶರು ಆ ಅರ್ಜಿ ತಳ್ಳಿಹಾಕಿದರು. ಅದೇ ಅಕ್ಟೋಬರಲ್ಲಿ ಗವರ್ನರ್ ಗ್ರೆಗ್ ಅಬ್ಬಟ್ ಒಂದು ಕೌಂಟಿಗೆ ಅಂಚೆ ಮತ ತಂದುಕೊಡೋಕೆ ಒಂದೇ ಜಾಗ ಅಂತ ಆದೇಶ ಮಾಡಿದ್ದರು. ನಮ್ಮಲ್ಲಿ 12 ಇದ್ದದ್ದು 1 ಆಯ್ತು. ಬೆಂಗಳೂರು ನಗರ ಜಿಲ್ಲೆಯ ಎರಡು ಪಟ್ಟು ವಿಸ್ತಾರ, 47 ಲಕ್ಷ ಜನ, ಒಂದೇ ಜಾಗ!

2021ರ ಹೊಸ ಕಾನೂನು ಕಾರಿನ ವೋಟನ್ನೂ ರಾತ್ರಿಯ ವೋಟನ್ನೂ ನಿಲ್ಲಿಸಿತು. ಅಂಚೆ ಮತಕ್ಕೂ ಹೊಸ ನಿಯಮ ಬಂತು. ಲಕೋಟೆ ಮೇಲೆ ಡ್ರೈವಿಂಗ್ ಲೈಸೆನ್ಸ್ ನಂಬರ್ ಅಥವಾ ಸೋಶಿಯಲ್ ಸೆಕ್ಯೂರಿಟಿ ನಂಬರಿನ (ನಮ್ಮ ಆಧಾರ್ ಥರದ ಸಂಖ್ಯೆ) ಕೊನೆಯ ನಾಲ್ಕು ಅಂಕಿ ಬರೆಯಬೇಕು. ಎಲ್ಲಿ ಬರೆಯಬೇಕು ಅಂದರೆ, ಅಂಟಿಸುವ ಮಡಿಕೆಯ ಒಳಗಡೆ. ಅಂಟಿಸಿದ ಮೇಲೆ ಅದು ಕಾಣೋದೇ ಇಲ್ಲ. ಬರೆದ ನಂಬರ್ ಸರ್ಕಾರದ ಕಡತದಲ್ಲಿ ಇರೋದಕ್ಕೆ ಹೊಂದಲೂ ಬೇಕು. ಮೂವತ್ತು ವರ್ಷದ ಹಿಂದೆ ಹೆಸರು ಸೇರಿಸಿದವರಿಗೆ ಆವಾಗ ಯಾವ ನಂಬರ್ ಕೊಟ್ಟಿದ್ದೆ ಅಂತ ಹೇಗೆ ನೆನಪಿರುತ್ತೆ? 2022ರ ಮಾರ್ಚ್ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನದಲ್ಲಿ, ಟೆಕ್ಸಾಸ್‌ನ ಸುಮಾರು 25 ಸಾವಿರ ಅಂಚೆ ಮತ ತಿರಸ್ಕಾರ ಆದವು. ಎಂಟರಲ್ಲಿ ಒಂದು. ಇಲ್ಲಿ ಅಂಚೆ ಮತ ಸಿಗೋದೇ ಹೆಚ್ಚಾಗಿ 65 ದಾಟಿದವರಿಗೆ, ಕಾಯಿಲೆ ಅಂಗವೈಕಲ್ಯ ಇರೋರಿಗೆ. ಪೆಟ್ಟು ಬಿದ್ದದ್ದು ಅವರಿಗೇ.

ನಮ್ಮ ಬೀದಿಯಲ್ಲಿ ಹಾಸನ ಕಡೆಯ ವಯಸ್ಸಾದ ಒಬ್ಬ ಆಂಟಿ ಇದ್ದಾರೆ. ಮಂಡಿ ನೋವು, ಹೊರಗೆ ಹೋಗೋದು ಕಷ್ಟ. ಮೊನ್ನೆ ಸಿಕ್ಕಾಗ "ಎಲ್ಲ ತುಂಬಿ ಸಹಿ ಹಾಕಿದೀನಿ ಕಣಪ್ಪ, ಇನ್ನು ಗೋಂದು ಹಚ್ಚೋದೊಂದು ಬಾಕಿ" ಅಂದರು. "ಆಂಟಿ, ಮಡಿಕೆ ಒಳಗೆ ನಂಬರ್ ಬರೆದ್ರಾ?" ಅಂದೆ. "ಅಲ್ಲೂ ಬರೀಬೇಕಾ?" ಅಂತ ಕನ್ನಡಕ ಹುಡುಕೋಕೆ ಒಳಗೆ ಹೋದರು. ಕಾಲೇಜಿನಲ್ಲಿ ಪಾಠ ಮಾಡಿದವರು ಅವರು. ಓದು ಬರಹ ಬರದೆ ಆಗುವ ತಪ್ಪಲ್ಲ ಇದು. ನನಗೆ ಸಿಟ್ಟು ಬರೋದು ಇಲ್ಲೇ.

ಹಾಗಂತ ಮೋಸ ನಡೆಯೋದೇ ಇಲ್ಲ ಅಂತ ನಾನು ಹೇಳಲ್ಲ. 2018ರಲ್ಲಿ ನಾರ್ತ್ ಕ್ಯಾರೊಲೈನಾದ ಒಂಬತ್ತನೇ ಸಂಸತ್ ಕ್ಷೇತ್ರದಲ್ಲಿ ಅಂಚೆ ಮತದ ಅಕ್ರಮ ನಡೆದಿತ್ತು. ಸಿಕ್ಕಿಬಿತ್ತು, ಫಲಿತಾಂಶ ರದ್ದಾಯ್ತು, ಮರುಚುನಾವಣೆ ನಡೀತು. ಮೊನ್ನೆ ಸೋಮವಾರ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಮತ್ತು ಪಕ್ಕದ ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್‌ನಲ್ಲಿ ಮತಪತ್ರ ಹಾಕುವ ಡ್ರಾಪ್ ಬಾಕ್ಸ್‌ಗೆ ಬೆಂಕಿ ಇಟ್ಟರು. ಪೋರ್ಟ್‌ಲ್ಯಾಂಡ್‌ನ ಪೆಟ್ಟಿಗೆಯೊಳಗೆ ಬೆಂಕಿ ಆರಿಸುವ ಪುಡಿ ಇತ್ತು, ಮೂರೇ ಮತಪತ್ರ ಹಾಳಾದವು. ವ್ಯಾಂಕೂವರ್‌ನಲ್ಲಿ ನೂರಾರು ಸುಟ್ಟವು. ಕಾವಲು ಬೇಕು, ತಪಾಸಣೆ ಬೇಕು, ಖಂಡಿತ. ಆದರೆ ಸರಿಯಾದ ಮತದಾರ ಅಂತ ಗೊತ್ತಿದ್ದೂ ಒಂದು ನಂಬರ್ ಬಿಟ್ಟುಹೋಯ್ತು ಅಂತ ವೋಟು ಎಸೆಯೋದು ಕಾವಲು ಅಲ್ಲ.

ಕರ್ನಾಟಕದಲ್ಲಿ 2023ರ ವಿಧಾನಸಭೆ ಚುನಾವಣೆಗೆ 80 ದಾಟಿದವರ ಮನೆಗೇ ಸಿಬ್ಬಂದಿ ಮತಪತ್ರ ತಗೊಂಡು ಹೋದರಲ್ಲ, ವಿಡಿಯೊ ಮಾಡಿಕೊಂಡು, ಗುಟ್ಟು ಕಾಪಾಡಿಕೊಂಡು. ಆ ಜವಾಬ್ದಾರಿ ಚುನಾವಣಾ ಆಯೋಗದ್ದು ಆಗಿತ್ತು. ಇಲ್ಲಿ ಎಲ್ಲ ಭಾರ ಮತದಾರನ ತಲೆ ಮೇಲೆ.

ಇನ್ನೊಂದು ಮಾತು. ಪೆನ್ಸಿಲ್ವೇನಿಯಾ, ವಿಸ್ಕಾನ್ಸಿನ್‌ನಲ್ಲಿ ಮಂಗಳವಾರ ಬೆಳಗ್ಗೆವರೆಗೆ ಅಂಚೆ ಮತದ ಲಕೋಟೆ ತೆರೆಯೋ ಹಾಗಿಲ್ಲ. ಹಾಗಾಗಿ ಅವುಗಳ ಎಣಿಕೆ ತಡ ಆಗುತ್ತೆ, ಆ ರಾತ್ರಿ ಅಲ್ಲಿ ಒಬ್ಬರು ಮುಂದಿದ್ದು ಬೆಳಗ್ಗೆ ಇನ್ನೊಬ್ಬರು ಮುಂದೆ ಬರಬಹುದು. ದಯವಿಟ್ಟು ಗುಂಪುಗಳಲ್ಲಿ "ಮೋಸ" ಅಂತ ಫಾರ್ವರ್ಡ್ ಮಾಡಬೇಡಿ. 2020ರಲ್ಲಿ ಇದೇ ಆಗಿ, ಶನಿವಾರದವರೆಗೆ ಕಾಯಬೇಕಾಯ್ತು.

ಟೆಕ್ಸಾಸ್‌ನಲ್ಲಿರೋ ಸಿಟಿಜನ್‌ಗಳಿಗೆ: ಅರ್ಲಿ ವೋಟಿಂಗ್ ಈ ಶುಕ್ರವಾರ, 2024ರ ನವೆಂಬರ್ 1ಕ್ಕೆ ಮುಗಿಯುತ್ತೆ. ಮನೆಯಲ್ಲಿ ಅಂಚೆ ಮತ ಹಾಕುವ ಹಿರಿಯರಿದ್ದರೆ ಅಂಟಿಸುವ ಮೊದಲು ಮಡಿಕೆ ಒಳಗೆ ನೋಡೋಕೆ ಹೇಳಿ, ಎರಡೂ ನಂಬರ್ ಬರೆಯೋದು ಒಳ್ಳೇದು. ಅಂಚೆ ತಡ ಆಗಬಹುದು ಅನ್ನಿಸಿದರೆ ಮಂಗಳವಾರ ಅವರೇ ಫೋಟೊ ಇರುವ ಗುರುತಿನ ಚೀಟಿ ತಗೊಂಡು ಹೋಗಿ ಕೈಯಾರೆ ಕೊಡಬಹುದು. ಬೇರೆಯವರು ಕೊಟ್ಟರೆ ತಗೊಳ್ಳಲ್ಲ. ಕಾರಲ್ಲಿ ಕರ್ಕೊಂಡು ಹೋಗೋರು ಬೇಕಿದ್ದರೆ ಇಲ್ಲೇ ಕಾಮೆಂಟ್ ಹಾಕಿ, ನಾನು ಬರ್ತೀನಿ.