ಒತ್ತಬೇಡಿ, ಅದು ಮಿಲಿಟರಿ ವಾಚು

ನಮ್ಮ ಗೆಳೆಯರೊಬ್ಬರಿಗೆ ಹಳೆಯ ಮಿಲಿಟರಿ ಕ್ರೋನೋಗ್ರಾಫ್‌ಗಳ ಹುಚ್ಚು. ಅಂದರೆ ಪಕ್ಕದಲ್ಲಿ ಎರಡು ಗುಂಡಿ ಇರುವ ಕೈಗಡಿಯಾರ. ಮೇಲಿನದನ್ನು ಒತ್ತಿದರೆ ಸೆಕೆಂಡ್ ಮುಳ್ಳು ಓಡುತ್ತದೆ, ಕೆಳಗಿನದನ್ನು ಒತ್ತಿದರೆ ಸೊನ್ನೆಗೆ ಹಾರುತ್ತದೆ. ಮೊನ್ನೆ ಒಂದನ್ನು ಕೈಗೆ ಕೊಟ್ಟರು. ಪಶ್ಚಿಮ ಜರ್ಮನಿಯ ಸೇನೆ ಪೈಲಟ್‌ಗಳಿಗೆ ಕೊಡುತ್ತಿದ್ದ ಹ್ಯೂಯರ್ ಕಂಪನಿಯ ವಾಚು. ಗುಂಡಿ ಕಂಡ ಮೇಲೆ ಹೆಬ್ಬೆರಳು ಸುಮ್ನೆ ಇರುತ್ತದೆಯೇ?

"ಅಯ್ಯೋ, ಒತ್ತಬೇಡಿ ಸಾರ್!"

ಕಾಫಿ ಲೋಟ ಬಿಟ್ಟು ಓಡಿ ಬಂದರು. ಒಳಗಿನ ಚಕ್ರ ಸವೆಯುತ್ತದಂತೆ, ಬಿಡಿಭಾಗ ಸಿಗಲ್ಲವಂತೆ. ಯುದ್ಧವಿಮಾನದ ಕುಲುಕಾಟದಲ್ಲೂ ಒತ್ತಲಿ ಅಂತ ಮಾಡಿದ ಗುಂಡಿ ಅದು! ಒಲೆ ಮೇಲೆ ಮೊಟ್ಟೆ ಬೇಯುತ್ತಿತ್ತು. ಅದಕ್ಕೆ ಟೈಮ್ ಇಟ್ಟಿದ್ದು ಮೊಬೈಲಿನಲ್ಲಿ.

ಡಯಲ್ ಮೇಲೆ ಕೆಂಪು ವೃತ್ತ, ಒಳಗೆ '3ಎಚ್'. ಮುಳ್ಳು ಕತ್ತಲಲ್ಲಿ ಹೊಳೆಯಲಿ ಅಂತ ಹಚ್ಚಿದ ಟ್ರಿಟಿಯಂ ಇದೆ, ವಿಕಿರಣ ಇದೆ, ಹುಷಾರು ಅಂತ ಅರ್ಥ. ಈಗ ಅದೇ ಹಣೆಯ ಕುಂಕುಮ, ಅದಿದ್ದರೇ ವಾಚಿಗೆ ಕಳೆ. ಟ್ರಿಟಿಯಂ 12 ವರ್ಷ ಚಿಲ್ಲರೆಗೆ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಕತ್ತಲಲ್ಲಿ ಮುಳ್ಳು ಹೊಳೆಯುವುದು ನಿಂತು ಎಷ್ಟೋ ಕಾಲವಾಯಿತು. "ಹೊಸದಾಗಿ ಹಚ್ಚಿಸಿ" ಅಂದೆ. ಚಪ್ಪಲಿ ಹಾಕಿಕೊಂಡು ಗರ್ಭಗುಡಿಗೆ ನುಗ್ಗಿದವನನ್ನು ನೋಡುವ ಹಾಗೆ ನೋಡಿದರು.

ಬ್ರಿಟನ್ನಿನ ಕತೆ ಇನ್ನೂ ಚೆಂದ. ಅಲ್ಲಿನ ಸರ್ಕಾರ ಮಿಲಿಟರಿ ವಾಚುಗಳ ಮೇಲೆ ಕಾಗೆ ಕಾಲಿನಂಥ ಬಾಣದ ಗುರುತು ಹಾಕುತ್ತಿತ್ತು. ಸರ್ಕಾರದ ಸ್ವತ್ತು, ಮನೆಗೆ ಒಯ್ಯಬೇಡ ಅಂತ. ನಮ್ಮ ಹಾಸ್ಟೆಲ್ ತಟ್ಟೆ ಮೇಲೆ ಹೆಸರು ಕೊರೆಸುತ್ತಿದ್ದರಲ್ಲ, ಹಾಗೆ. ಕಳ್ಳತನ ತಡೆಯಲು ಹಾಕಿದ ಬಾಣಕ್ಕೇ ಈಗ ಜಾಸ್ತಿ ರೇಟು. ಬಾಣ ಇಲ್ಲದ ವಾಚಿಗೆ ಬಾಣ ಕೊರೆದು ಮಾರುವ ಜಾಣರೂ ಇದ್ದಾರೆ.

ಗೀರು ಬಿದ್ದಿದೆ ಅಂತ ಪಾಲಿಶ್ ಮಾಡಿಸಿದಿರೋ, ಬೆಲೆ ಬಿತ್ತು. ಕಪ್ಪು ಡಯಲ್ ಬಿಸಿಲಿಗೆ ಕಂದು ತಿರುಗಿತೋ, ಅದಕ್ಕೆ 'ಟ್ರಾಪಿಕಲ್' ಅಂತ ಹೆಸರು, ಬೆಲೆ ಏರಿತು. ನನ್ನ ಸ್ಕೂಟರಿನ ಬಣ್ಣವೂ ಬಿಸಿಲಿಗೇ ಹೋಗಿದ್ದು. ಎಕ್ಸ್‌ಚೇಂಜ್‌ನವನು ಮಾತ್ರ ಟ್ರಾಪಿಕಲ್ ಅನ್ನಲಿಲ್ಲ.

ಕೊನೆಗೆ ಅವರ ಕಣ್ಣು ನನ್ನ ಕೈಗೆ ಬಿತ್ತು. ಅಪ್ಪನ ಎಚ್‌ಎಂಟಿ ಪೈಲಟ್. ಹೆಸರಷ್ಟೇ ಪೈಲಟ್, ಕ್ರೋನೋಗ್ರಾಫ್ ಗುಂಡಿ ಇಲ್ಲ, ದಿನಾ ಕೀ ಕೊಡಬೇಕು. ಎಚ್‌ಎಂಟಿ ವಾಚಿನ ಕಂಪನಿ ಮುಚ್ಚಲು 2016ರಲ್ಲಿ ಸರ್ಕಾರ ತೀರ್ಮಾನಿಸಿದಾಗ ಇದನ್ನು ಯಾರೂ ಮೂಸಿ ನೋಡಿರಲಿಲ್ಲ. ಈಗ ಇವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡರು.

"ಗಾಜು ಬದಲಾಯಿಸಿದ್ದೀರಾ?"

"ಹೌದು, ಒಡೆದುಹೋಗಿತ್ತು."

"ಒಡೆದಿದ್ದನ್ನೇ ಇಟ್ಕೋಬೇಕಿತ್ತು ಸಾರ್. ಹಾಳು ಮಾಡಿಬಿಟ್ರಿ."

ಅಷ್ಟರಲ್ಲಿ ಮೊಬೈಲು ಕೂಗಿತು. ಮೊಟ್ಟೆ ಬೆಂದಿತ್ತು.