ಬಸುರಿ ಮರಿಯಮ್ಮ ಮರಳಿ ಸ್ಮಶಾನಕ್ಕೆ ಹೋಗಬೇಕೇ?

ಇಟಲಿಯ ಟಸ್ಕನಿಯಲ್ಲಿ ಮೊಂಟೆರ್ಕಿ ಎಂಬ ಸಣ್ಣ ಊರು. ಊರಾಚೆಯ ಹಳ್ಳಿ ಚರ್ಚೊಂದರ ಗೋಡೆಯ ಮೇಲೆ 15ನೇ ಶತಮಾನದ ನಡುಭಾಗ ಕಳೆದ ಮೇಲೆ ಪಿಯೆರೊ ಡೆಲ್ಲಾ ಫ್ರಾಂಚೆಸ್ಕಾ ಎಂಬ ಚಿತ್ರಕಾರ ಯೇಸುವಿನ ತಾಯಿ ಮರಿಯಮ್ಮನನ್ನು ದಿನ ತುಂಬಿದ ಬಸುರಿಯಾಗಿ ಬರೆದ. 'ಮಡೊನ್ನಾ ಡೆಲ್ ಪಾರ್ತೊ', ಅಂದರೆ ಹೆರಿಗೆಯ ಮಾತೆ. 1785ರಲ್ಲಿ ಊರಿನ ಸ್ಮಶಾನಕ್ಕಾಗಿ ಆ ಚರ್ಚನ್ನು ಕೆಡವಿದರು. ಗೋರಿಗಳ ನಡುವೆ ಉಳಿದ ಪುಟ್ಟ ಪ್ರಾರ್ಥನಾ ಮಂದಿರವೇ ಚಿತ್ರದ ಮನೆಯಾಯಿತು. 1990ರ ದಶಕದ ಆರಂಭದಲ್ಲಿ ದುರಸ್ತಿಯ ನೆಪದಲ್ಲಿ ಅಲ್ಲಿಂದ ಹೊರಟ ಚಿತ್ರ ಊರೊಳಗಿನ ಹಳೇ ಶಾಲೆ ಕಟ್ಟಡ ಸೇರಿತು. ಆ ಕಟ್ಟಡ ಈಗ ಮ್ಯೂಸಿಯಂ. ಪುರಸಭೆ, ಧರ್ಮಪ್ರಾಂತ್ಯ (ಬಿಷಪರ ಆಡಳಿತ), ಸರ್ಕಾರ ಮೂರರ ನಡುವೆ ಜಗ್ಗಾಟ ವರ್ಷಗಟ್ಟಲೆ ನಡೆದಿದೆ. ಚಿತ್ರವನ್ನು ಪೂಜೆಯ ಜಾಗಕ್ಕೆ ಮರಳಿಸಬೇಕೇ?

ಪರ

ಮೊದಲು ಆಕೆ ನಿಂತಿರುವ ರೀತಿ ನೋಡಿ. ಎಡಗೈಯನ್ನು ಮಡಚಿ, ಅಂಗೈ ಹೊರಮುಖವಾಗಿ, ಸೊಂಟಕ್ಕೆ ಆನಿಸಿಕೊಂಡಿದ್ದಾಳೆ. ನಮ್ಮ ಅಕ್ಕ ಎಂಟನೇ ತಿಂಗಳಲ್ಲಿ ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಿದ್ದದ್ದು ಹೀಗೇ. ಭಾರ ಮುಂದಕ್ಕೆ ಎಳೆಯುತ್ತದೆ, ಬೆನ್ನು ಹಿಂದಕ್ಕೆ ಬಾಗುತ್ತದೆ, ಕೈ ತಾನಾಗಿ ಆಸರೆಗೆ ಹೋಗುತ್ತದೆ. ನೀಲಿ ಅಂಗಿ ಮೈಗೆ ಸಾಲದೆ ಮುಂಭಾಗದಲ್ಲಿ ಬಿಚ್ಚಿಕೊಂಡಿದೆ, ಸೀಳಿನಲ್ಲಿ ಬಿಳಿ ಒಳಬಟ್ಟೆ ಕಾಣುತ್ತಿದೆ, ಬಲಗೈ ಬೆರಳುಗಳು ಆ ಸೀಳಿನ ಮೇಲೇ ಇವೆ. ಕಣ್ಣು ಕೆಳಕ್ಕೆ. ಮುಖದಲ್ಲಿ ಹಿಗ್ಗೂ ಇಲ್ಲ, ಅಳುವೂ ಇಲ್ಲ. ದಣಿವು ಇದೆ ಎಂದು ನನಗನಿಸುತ್ತದೆ.

ಪಿಯೆರೊಗಿಂತ ಮೊದಲೂ ಟಸ್ಕನಿಯವರು ಬಸುರಿ ಮರಿಯಮ್ಮನನ್ನು ಬರೆದಿದ್ದರು. ಫ್ಲಾರೆನ್ಸಿನಲ್ಲಿ ತದ್ದೆಯೊ ಗದ್ದಿ ಬರೆದ 14ನೇ ಶತಮಾನದ ಚಿತ್ರದಲ್ಲಿ ಆಕೆಯ ಹೊಟ್ಟೆಗೆ ಒರಗಿಸಿದ ಮುಚ್ಚಿದ ಪುಸ್ತಕವಿದೆ: ದೇವರ ವಾಕ್ಯ ಒಳಗೆ ಮಾಂಸವಾಗುತ್ತಿದೆ ಎಂಬ ಸೂಚನೆ. ಪಿಯೆರೊ ಆ ಪುಸ್ತಕವನ್ನೇ ತೆಗೆದುಹಾಕಿದ. ಪುಸ್ತಕ ಇರಬೇಕಾದ ಜಾಗದಲ್ಲಿ ಕೈ ಬಂತು. ಓದು ಬಾರದ ಹಳ್ಳಿ ಹೆಂಗಸಿಗೆ ಇದಕ್ಕಿಂತ ನೇರವಾಗಿ ಹೇಳುವುದು ಹೇಗೆ? ಮೊಂಟೆರ್ಕಿ ಆತನ ತಾಯಿ ರೊಮಾನಾಳ ಊರು. ತವರಿನ ಹೆಂಗಸರಿಗೆ ಏನು ಬೇಕು ಎಂಬುದು ಆತನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಈಗ ಡೇರೆಗೆ ಬನ್ನಿ. ದಾಳಿಂಬೆ ಕಸೂತಿಯ ದೊಡ್ಡ ಡೇರೆ, ಒಳಗೆಲ್ಲ ತುಪ್ಪಳದ ಅಸ್ತರಿ. ಇಬ್ಬರು ದೇವದೂತರು ಅದರ ಪರದೆಯನ್ನು ಎರಡೂ ಕಡೆಯಿಂದ ಎತ್ತಿ ಹಿಡಿದಿದ್ದಾರೆ. ಒಂದೇ ನಕ್ಷೆಯನ್ನು ಮಗುಚಿ ಹಾಕಿ ಇಬ್ಬರನ್ನೂ ತೆಗೆದದ್ದು. ಒಬ್ಬನದು ಹಸಿರು ನಿಲುವಂಗಿ, ಕೆಂಪು ಕಾಲುಚೀಲ; ಇನ್ನೊಬ್ಬನದು ಅದಲುಬದಲು. ಮರಿಯಮ್ಮ ನಮ್ಮನ್ನು ನೋಡುವುದಿಲ್ಲ, ಇವರು ನೋಡುತ್ತಾರೆ. ಬಲಿಪೀಠದ ಮೇಲೆ ಈ ಚಿತ್ರ, ಕೆಳಗೆ ಪೂಜೆಯಲ್ಲಿ ಗುರು ರೊಟ್ಟಿಯನ್ನು ಎತ್ತಿ ಯೇಸುವಿನ ಮಾತಿನಲ್ಲೇ 'ಇದು ನನ್ನ ಶರೀರ' ಎನ್ನುತ್ತಾನೆ. ಮೇಲೆ ಪರದೆ ಸರಿದಿದೆ, ಅದೇ ಶರೀರ ಗರ್ಭದಲ್ಲಿದೆ. ಈ ಎರಡನ್ನೂ ಒಟ್ಟಿಗೆ ನೋಡಲೆಂದೇ ಮಾಡಿದ ಏರ್ಪಾಡು ಅದು. ಬಲಿಪೀಠ ಕಿತ್ತುಹಾಕಿದರೆ ದೇವದೂತರು ಸುಮ್ಮನೆ ಪರದೆ ಹಿಡಿದು ನಿಂತ ಆಳುಗಳಾಗುತ್ತಾರೆ.

ಇನ್ನು ಹರಕೆ. ಸುತ್ತಲಿನ ಬಸುರಿಯರು ತಲೆಮಾರುಗಳಿಂದ ಸುಸೂತ್ರ ಹೆರಿಗೆಗಾಗಿ ಈಕೆಯ ಮುಂದೆ ನಿಂತು ಬೇಡಿಕೊಂಡವರು. 1889ಕ್ಕೆ ಮೊದಲು ಇದು ಪಿಯೆರೊನ ಕೆಲಸ ಎಂದು ಯಾವ ಪಂಡಿತನಿಗೂ ಗೊತ್ತಿರಲಿಲ್ಲ. ಅಲ್ಲಿಯವರೆಗೆ ಇದನ್ನು ಉಳಿಸಿದ್ದು ಕಲಾಪ್ರೇಮವಲ್ಲ, ಹೊಟ್ಟೆಯೊಳಗಿನ ಭಯ. 1954ರಲ್ಲಿ ಫ್ಲಾರೆನ್ಸಿನ ದೊಡ್ಡ ಪ್ರದರ್ಶನಕ್ಕೆ ಚಿತ್ರ ಕೇಳಿದಾಗ ಊರು ಕೊಡಲಿಲ್ಲ. ಅದು ಹಟವೆಂದು ನಗುವವರಿದ್ದಾರೆ. ನನಗದು ಹಕ್ಕಿನಂತೆ ಕಾಣುತ್ತದೆ.

ರೋಮಿನ ಸಂತ ಅಗಸ್ಟೀನರ ಚರ್ಚಿಗೆ ಹೋದರೆ ಯಾಕೋಪೊ ಸಾನ್ಸೊವಿನೊ 16ನೇ ಶತಮಾನದ ಆರಂಭದಲ್ಲಿ ಕಡೆದ ಅಮೃತಶಿಲೆಯ ಮಾತೆ ಇದ್ದಾಳೆ. ಆಕೆಯನ್ನೂ ಹೆರಿಗೆಯ ಮಾತೆ ಎಂದೇ ಕರೆಯುತ್ತಾರೆ. ಸುತ್ತ ಹರಕೆಯ ಕಾಣಿಕೆಗಳು. ಮುಟ್ಟಿ ಮುದ್ದಿಟ್ಟು ಪಾದ ಸವೆದು ಅದಕ್ಕೆ ಬೆಳ್ಳಿಯ ಹೊದಿಕೆ ಬಂದಿದೆ. ಆ ಶಿಲ್ಪ ಹಾಳಾಗಿದೆ ಎಂದು ಯಾರೂ ಅತ್ತಿಲ್ಲ. ಮೊಂಟೆರ್ಕಿಯಲ್ಲಾದರೋ ಚಿತ್ರದ ಮುಂದೆ ಗಾಜು. ಗಾಜಿನಲ್ಲಿ ಮರಿಯಮ್ಮನಿಗಿಂತ ಮೊದಲು ನಮ್ಮದೇ ಮುಖ ಕಾಣುತ್ತದೆ. ಬಸುರಿಯರಿಗೆ ಮಾತ್ರ ಟಿಕೆಟ್ ಇಲ್ಲವಂತೆ. ಅಂದರೆ ಬರುವವರೆಲ್ಲ ಚಿತ್ರ ನೋಡಲು ಬರುವುದಿಲ್ಲ ಎಂಬುದು ಮ್ಯೂಸಿಯಮ್ಮಿಗೂ ಗೊತ್ತು. ಗೊತ್ತಿದ್ದೂ ಅಲ್ಲೇ ಇಟ್ಟುಕೊಂಡಿದೆ.

ಸ್ಮಶಾನದಲ್ಲಿ ಬಸುರಿಯೇ ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಹೆರಿಗೆಯೆಂದರೆ ಹೆಂಗಸಿಗೆ ಮರುಹುಟ್ಟು ಎಂದು ನಮ್ಮ ಅಜ್ಜಿಯರು ಸುಮ್ಮನೆ ಹೇಳಿದ್ದಲ್ಲ. ಬಾಣಂತಿಯರ ಗೋರಿ ದಾಟಿ ಬಂದು ಈಕೆಯ ಮುಂದೆ ಮೇಣದಬತ್ತಿ ಹಚ್ಚಿದವಳಿಗೆ ತಾನು ಏನು ಬೇಡುತ್ತಿದ್ದೇನೆ ಎಂಬುದು ಸ್ಪಷ್ಟವಿತ್ತು.

ವಿರೋಧ

ಮರಳಿಸಬೇಕು, ಸರಿ. ಯಾವ ಗೋಡೆಗೆ?

ಮೇಲಿನ ಬರಹದಲ್ಲಿ ಚಿತ್ರದ ವರ್ಣನೆಗೆ ನನ್ನ ತಕರಾರಿಲ್ಲ. ಸೊಂಟದ ಮೇಲಿನ ಕೈಯನ್ನು ನಾನು ಅಷ್ಟು ಗಮನಿಸಿಯೇ ಇರಲಿಲ್ಲ. ಆದರೆ ಬಲಿಪೀಠ, ಗುರು, ರೊಟ್ಟಿ ಎಂದು ಕಟ್ಟಿದ ಆ ಸುಂದರ ಏರ್ಪಾಡು 1785ರಲ್ಲೇ ಮುರಿದುಬಿತ್ತು. ಪಿಯೆರೊ ಬರೆದದ್ದು ಚರ್ಚಿಗೆ. ಇವರು ಮರಳಿ ಬಯಸುತ್ತಿರುವುದು ಚರ್ಚು ಕೆಡವಿದವರು ಉಳಿಸಿಟ್ಟ ಕೋಣೆಗೆ. ಹಳೆಯದೆಲ್ಲ ಮೂಲವಲ್ಲ.

ಭಿತ್ತಿಚಿತ್ರ ಅಂದರೇನು ಎಂಬುದನ್ನೂ ನೆನಪಿಸಿಕೊಳ್ಳಬೇಕು. ಗೋಡೆಗೆ ದಿನಕ್ಕೆ ಆಗುವಷ್ಟೇ ಹಸಿ ಗಿಲಾವು ಬಳಿದು, ಅದು ಒಣಗುವ ಮುನ್ನ ಬಣ್ಣ ಹಚ್ಚುತ್ತಾರೆ. ಸುಣ್ಣ ಗಾಳಿಗೆ ಗಟ್ಟಿಯಾಗುತ್ತ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಈ ಚಿತ್ರದಲ್ಲಿ ಅಂಥ ಏಳು ದಿನಗಳ ತೇಪೆಗಳನ್ನು ಎಣಿಸಿದ್ದಾರೆ. ಸುಮಾರು ಎರಡೂವರೆ ಮೀಟರ್ ಎತ್ತರದ ಕೆಲಸ, ಏಳೇ ದಿನ! ಹಾಗೆ ಗೋಡೆಯೊಂದಿಗೆ ಒಂದಾಗಿ ಹುಟ್ಟಿದ್ದನ್ನು 1911ರಲ್ಲಿ ದೊಮೆನಿಕೊ ಫಿಸ್ಕಾಲಿ ಎಂಬ ಕುಶಲಕರ್ಮಿ ಗೋಡೆಯಿಂದ ಬಿಡಿಸಿ ತೆಗೆದ. ಅಂದಿನಿಂದ ಅದು ಚೌಕಟ್ಟಿಗೆ ಕೂರಿಸಿದ, ಎತ್ತಿಡಬಹುದಾದ ವಸ್ತು. 1917ರ ಏಪ್ರಿಲಿನಲ್ಲಿ ಮೊಂಟೆರ್ಕಿಯಲ್ಲಿ ಭೂಕಂಪವಾಗಿ ಆ ಮಂದಿರಕ್ಕೂ ಏಟು ಬಿತ್ತು, ಚಿತ್ರವನ್ನು ಕೆಲಕಾಲ ಬೇರೆಡೆ ಇಡಬೇಕಾಯಿತು. ಆ ನೆಲ ಈಗಲೂ ಅದೇ ನೆಲ. ಬಿಡಿಸಿದ್ದ ಕಾರಣಕ್ಕೇ ಚಿತ್ರ ಬದುಕಿತೋ ಏನೋ, ಯಾರು ಬಲ್ಲರು.

ಸಾನ್ಸೊವಿನೊನ ಮಾತೆಯ ಉದಾಹರಣೆಯಂತೂ ಅವರ ವಾದಕ್ಕೇ ತಿರುಗುಬಾಣ. ಅಮೃತಶಿಲೆಯ ಪಾದ ಸವೆದರೆ ಬೆಳ್ಳಿಯ ಪಾದ ತೊಡಿಸಬಹುದು. ಸುಣ್ಣದ ಗಿಲಾವಿನ ಮೇಲೆ ಕೂದಲೆಳೆಯಷ್ಟು ಆಳದ ಬಣ್ಣ ಉದುರಿದರೆ ಏನು ತೊಡಿಸುತ್ತೀರಿ? ಮೇಣದಬತ್ತಿಯ ಮಸಿ, ಜನರ ಉಸಿರಿನ ತೇವ, ನೆಲದಿಂದ ಗೋಡೆ ಹತ್ತುವ ಉಪ್ಪು ಇವಕ್ಕೆ ಭಕ್ತಿಯ ಲೆಕ್ಕ ಗೊತ್ತಿಲ್ಲ.

ಚರ್ಚಿನ ಕೈಯಲ್ಲಿ ಇಂಥ ಚಿತ್ರಗಳು ಕ್ಷೇಮವಾಗಿರುತ್ತವೆ ಎಂಬ ನಂಬಿಕೆಯೂ ನನಗಿಲ್ಲ. 1563ರಲ್ಲಿ ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಮಹಾಸಭೆ ಪವಿತ್ರ ಚಿತ್ರಗಳ ಬಗ್ಗೆ ಕಟ್ಟುನಿಟ್ಟು ತಂದ ಮೇಲೆ ಹೊಟ್ಟೆ ಕಾಣುವ ಮರಿಯಮ್ಮ ಮುಜುಗರದ ವಿಷಯವಾಗಿ, ಬರೆಯುವವರೇ ಕಡಿಮೆಯಾದರು. ಉಳಿದವು ಬಹುಮಟ್ಟಿಗೆ ಯಾರೂ ಗಮನಿಸದ ಮೂಲೆಗಳಲ್ಲಿ ಉಳಿದವು. ಹೆಂಗಸರು ಉಳಿಸಿಕೊಂಡರು ಎನ್ನುವುದನ್ನು ಒಪ್ಪುತ್ತೇನೆ. ಆದರೆ ಹೆಂಗಸರು ಮತ್ತು ಧರ್ಮಪ್ರಾಂತ್ಯ ಒಂದೇ ಅಲ್ಲ, ಮೇಲಿನ ಬರಹ ಎರಡನ್ನೂ ಸಲೀಸಾಗಿ ಒಂದು ಮಾಡಿಬಿಟ್ಟಿದೆ.

ಬಳಕೆ ನಿಂತರೆ ವಸ್ತು ಸತ್ತಂತೆ ಎನ್ನುವವರು ಹೆರಿಗೆಯ ತಟ್ಟೆಗಳನ್ನು ನೋಡಲಿ. ಫ್ಲಾರೆನ್ಸಿನ ಶ್ರೀಮಂತರ ಮನೆಗಳಲ್ಲಿ ಮಗು ಹುಟ್ಟಿದಾಗ ಬಾಣಂತಿಗೆ ಊಟ ತರಲೆಂದು ಚಿತ್ರ ಬರೆಸಿದ ಮರದ ತಟ್ಟೆ ಮಾಡಿಸುತ್ತಿದ್ದರು. 1449ರಲ್ಲಿ, ಮುಂದೆ ಫ್ಲಾರೆನ್ಸನ್ನು ಆಳಿದ ಲೊರೆಂಜೊ ಮೆದಿಚಿ ಹುಟ್ಟಿದಾಗ ಮಾಡಿಸಿದ್ದು ಆತ ಸಾಯುವ ತನಕ, ಅಂದರೆ 1492ರವರೆಗೆ, ಆತನ ಕೋಣೆಯ ಗೋಡೆಯಲ್ಲಿತ್ತು. ಊಟದ ತಟ್ಟೆ ಆತನ ಕಾಲಕ್ಕೇ ನೋಡುವ ಚಿತ್ರವಾಗಿತ್ತು ನೋಡಿ. ಈಗ ಅದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಅದರಲ್ಲಿ ಮತ್ತೆ ಬಾಣಂತಿಗೆ ಸಾರು ಕೊಂಡೊಯ್ಯಬೇಕೆಂದು ಯಾರೂ ಅರ್ಜಿ ಹಾಕಿಲ್ಲ.

ಚಿತ್ರ ಇರುವುದು ಅದೇ ಊರಿನಲ್ಲಿ. ಲಂಡನ್ನಿಗೋ ನ್ಯೂಯಾರ್ಕಿಗೋ ಹೋಗಿಲ್ಲ, ರೋಮಿಗೂ ಹೋಗಿಲ್ಲ. ಬಸುರಿ ಬಾಗಿಲಿಗೆ ಬಂದರೆ ದುಡ್ಡು ಕೇಳದೆ ಒಳಗೆ ಬಿಡುತ್ತಾರೆ. ಮನಸ್ಸಿನಲ್ಲೇ ಬೇಡಿಕೊಂಡರೆ ಅಡ್ಡಿ ಮಾಡುವವರು ಯಾರು? ಇನ್ನು ಗಾಜಿನಲ್ಲಿ ನಮ್ಮದೇ ಮುಖ ಕಾಣುತ್ತದೆ ಎಂಬ ದೂರು. ಅದು ನನ್ನಂಥ, ಅವರಂಥ ಪ್ರೇಕ್ಷಕರ ದೂರು. ದಿನ ತುಂಬಿದವಳೊಬ್ಬಳು ಆ ಗಾಜಿನ ಮುಂದೆ ಬಂದು ನಿಂತರೆ ಮರಿಯಮ್ಮನ ಹೊಟ್ಟೆಯ ಮೇಲೆ ಅವಳ ಹೊಟ್ಟೆಯ ನೆರಳು ಬೀಳುತ್ತದೆ. ಗಾಜು ತೆಗೆಯಿರಿ ಎಂದು ಅವಳು ಹೇಳಿದ ದಿನ ನಾನು ಈ ಬರಹ ವಾಪಸು ತೆಗೆದುಕೊಳ್ಳುತ್ತೇನೆ.